ಕೀಮೊ ಮುಂಚಿನ ಸಿಬಿಸಿ ರಿಪೋರ್ಟ್ ಹಿಂಗ ಓದ್ರಿ

ಮನ್ಯಾಗ ಅವ್ವಗೋ ಅಕ್ಕಗೋ ಸ್ತನ ಕ್ಯಾನ್ಸರ್ ಎಲುಬಿಗೆ, ಲಿವರಿಗೆ ಹಬ್ಬೇತಿ ಅಂದಮ್ಯಾಲ ಪ್ರತಿ ಕೀಮೊಕ್ಕ ಮೊದಲ ಸಿಬಿಸಿ, ಅಂದ್ರ ರಕ್ತದ ಕಣ ಎಣಿಸೋ ಟೆಸ್ಟ್ ಆಗೇ ಆಗ್ತೈತಿ. ಆ ಹಾಳಿ ಡಾಕ್ಟರ್ ಕೈಯಾಗ ಕೊಟ್ಟು ಸುಮ್ಮನಾಗಬ್ಯಾಡ್ರಿ, ರೋಗ ಯಾವ ಕಡೆ ಹೊಂಟೈತಿ ಅನ್ನೂದರ ಸುಳಿವು ಅದರಾಗೂ ಇರ್ತೈತಿ.

ಮೊದಲ ಡಿಫರೆನ್ಷಿಯಲ್ ಕೌಂಟ್ ಅನ್ನೋ ಭಾಗ ಹುಡುಕ್ರಿ, ಅದರಾಗ ಯಾವ ನಮೂನಿ ಬಿಳಿಕಣ ಎಷ್ಟು ಅಂತ ಇರ್ತೈತಿ, ನ್ಯೂಟ್ರೋಫಿಲ್, ಲಿಂಫೋಸೈಟ್ ಎರಡೂ ಬಿಳಿಕಣನ. ನ್ಯೂಟ್ರೋಫಿಲ್ ಅಂಕಿನ ಲಿಂಫೋಸೈಟ್ ಅಂಕಿಲೆ ಭಾಗಿಸ್ರಿ. 72, 18 ಇದ್ರ ಉತ್ತರ 4. ಇದಕ್ಕ ಎನ್‌ಎಲ್‌ಆರ್ ಅಂತಾರ, ಗಟ್ಟಿ ಇದ್ದ ಮಂದ್ಯಾಗ ಸಾಮಾನ್ಯವಾಗಿ 1ರಿಂದ 3ರೊಳಗ ಇರ್ತೈತಿ.

ಇದು ಯಾಕ ಮುಖ್ಯ ಅಂದ್ರ, ಕ್ಯಾನ್ಸರ್ ಗಂಟು ಮೈಯಾಗ ಉರಿಯೂತ ಹಚ್ಚಿರ್ತೈತಿ, ಐಎಲ್-6 ಅಂಥ ಉರಿಯೂತದ ಪ್ರೋಟೀನ್ ರಕ್ತಕ್ಕ ಬರ್ತಾವು, ಅಸ್ಥಿಮಜ್ಜೆ ನ್ಯೂಟ್ರೋಫಿಲ್ ಜಾಸ್ತಿ ತಯಾರು ಮಾಡ್ತೈತಿ, ಅವು ಗಂಟಿಗೆ ಹೊಸ ರಕ್ತನಾಳ ಬೆಳ್ಯಾಕ ನೆರವಾಗ್ತಾವು, ಆದ್ರ ಕ್ಯಾನ್ಸರ್ ಕೋಶ ಕೊಲ್ಲೋ ಲಿಂಫೋಸೈಟ್ ಕಮ್ಮಿ ಬೀಳ್ತಾವು. 2014ರಾಗ ಬ್ಯಾರೆ ಬ್ಯಾರೆ ಕ್ಯಾನ್ಸರಿನ 100 ಅಧ್ಯಯನ ಕೂಡಿಸಿ 40 ಸಾವಿರಕ್ಕೂ ಹೆಚ್ಚು ಪೇಶಂಟ್‌ಗಳ ಲೆಕ್ಕ ನೋಡಿದಾಗ, ಎನ್‌ಎಲ್‌ಆರ್ ಏರಿದವರ ಆಯುಷ್ಯ ಸರಾಸರಿ ಕಮ್ಮಿ ಕಂಡಿತ್ತು. ಸರಾಸರಿ ಅನ್ನೂದು ನೆನಪಿರ್ಲಿ, ನಿಮ್ಮವ್ವನ ಹಣೆಬರಹ ಅದರಾಗ ಬರದಿಲ್ಲ.

ಈಗ ಒಂದು ನೋಟ್‌ಬುಕ್ ಇಡ್ರಿ, ನನ್ನ ಪ್ರಕಾರ ಇದೇ ಎಲ್ಲಾಕ್ಕಿಂತ ದೊಡ್ಡ ಕೆಲಸ. ತಾರೀಖು, ಅಂಕಿ, ಅದರ ಬಾಜೂಕ ಆ ವಾರ ಏನಾಗಿತ್ತು ಅಂತ ಬರೀರಿ. ಕೀಮೊ ಜೋಡಿ ಕೊಡೋ ಡೆಕ್ಸಾಮೆಥಾಸೋನ್ ಸ್ಟೆರಾಯ್ಡ್ ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸ್ತೈತಿ, ಬಿಳಿಕಣ ಹೆಚ್ಚಿಸೋ ಫಿಲ್ಗ್ರಾಸ್ಟಿಮ್ ಇಂಜೆಕ್ಷನ್ ಹಾಕಿದ್ರ ಅಂಕಿ ಏಕದಮ್ ಹಾರ್ತೈತಿ, ಸೋಂಕು, ಜ್ವರ ಇದ್ರೂ ಅಷ್ಟ, ಅದಕ್ಕ ಒಂದೇ ರಿಪೋರ್ಟ್ ನೋಡಿ ಅಳಬ್ಯಾಡ್ರಿ, ಮೂರ್ನಾಕು ಸೈಕಲ್ ಹೋಲಿಸಿ ನೋಡ್ರಿ. ನಮ್ಮ ವಿಜಯಪುರ, ಜಮಖಂಡಿ ಕಡೆ ಮಂದಿ ಟೆಸ್ಟ್ ಊರಾಗ ಮಾಡಿಸಿ ಕೀಮೊಕ್ಕ ಬೆಳಗಾವಿ, ಮಿರಜ, ಸೊಲ್ಲಾಪುರ ಅಂತ ಅಡ್ಡಾಡ್ತಾರ, ಆದಷ್ಟು ಒಂದೇ ಲ್ಯಾಬ್ ಹಿಡೀರಿ.

ಸಿಆರ್‌ಪಿ, ಆಲ್ಬುಮಿನ್ (ಮೊದಲಿಂದು ಉರಿಯೂತ ತೋರಿಸೋ ಟೆಸ್ಟ್, ಎರಡನೇದು ರಕ್ತದಾಗಿನ ಒಂದು ಪ್ರೋಟೀನ್) ಮಾಡಿಸಿದ್ರ ಅವನ್ನೂ ಬರೀರಿ. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ದಾಟಿ ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಂ ಕೆಳಗ ಇಳದ್ರ ಉರಿಯೂತ ಜೋರೈತಿ, ಊಟ-ಶಕ್ತೀನೂ ಕುಗ್ಗೇತಿ ಅಂತ ಡಾಕ್ಟರ್ ನೋಡ್ತಾರ. ಸಿಎ 15-3 ಅನ್ನೋ ಸ್ತನ ಕ್ಯಾನ್ಸರಿನ ರಕ್ತದ ಟೆಸ್ಟಿನ ಅಂಕಿ ಹೊಸ ಔಷಧ ಶುರುವಾದ ಮೊದಲ 4-6 ವಾರ ಸುಳ್ಳ ಏರಬಹುದು, ಹಂಗಂತ ಔಷಧ ಬಿಡಬ್ಯಾಡ್ರಿ. ಔಷಧ ಬದಲಿಸೂದು ಸ್ಕ್ಯಾನ್, ಬಯಾಪ್ಸಿ ರಿಪೋರ್ಟ್, ಪೇಶಂಟ್ ಹೆಂಗದಾರ ಅನ್ನೂದರ ಮ್ಯಾಲೆ, ಇವೊಂದೇ ಅಂಕಿ ಮ್ಯಾಲಲ್ಲ.

ಕಡೀ ಮಾತು, ಎನ್‌ಎಲ್‌ಆರ್ ಕಮ್ಮಿ ಬಂತಂತ ನಿಶ್ಚಿಂತಿ ಬ್ಯಾಡ, ಕೀಮೊ ಆದಮ್ಯಾಲ ನ್ಯೂಟ್ರೋಫಿಲ್ಲೇ ಕುಸಿದಿರಬಹುದು. ನ್ಯೂಟ್ರೋಫಿಲ್‌ದ ಅಬ್ಸಲ್ಯೂಟ್ ಕೌಂಟ್ (ಶೇಕಡಾ ಅಲ್ಲ, ಖರೆ ಸಂಖ್ಯೆ) 1000ದ ಕೆಳಗ ಬಂದು ಜ್ವರ 100.4 ಮುಟ್ಟಿದ್ರ ಮುಂಜಾನಿತನಕ ಕಾಯಬ್ಯಾಡ್ರಿ, ಆ ರಾತ್ರೀನ ದವಾಖಾನಿಗೆ ಹೋಗ್ರಿ.