ಮಾಸ್ಕ್ ಇಳಿಯುತ್ತಿದ್ದುದು ಗಾಜಿನ ಮುಂದೆ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಅನ್ನು ಮಹಾಸಾಂಕ್ರಾಮಿಕವೆಂದು ಹೇಳಿದ ಕೆಲವೇ ವಾರಗಳಲ್ಲಿ, ನಮ್ಮ ಆಸ್ಪತ್ರೆಯ ಹೊರರೋಗಿಗಳು ಸೋಂಕು ತಡೆಯ ನಿಯಮಗಳನ್ನು ಎಷ್ಟು ಪಾಲಿಸುತ್ತಾರೆಂದು ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರಂತೆ ಮೊದಲು ಪ್ರಶ್ನಾವಳಿ ಹಂಚಿದೆ. ‘ಸದಾ ಮಾಸ್ಕ್ ಧರಿಸುತ್ತೇನೆ’ ಎಂದು ಗುರುತು ಹಾಕಿದವರು ನೂರಕ್ಕೆ 90ರಷ್ಟಿದ್ದರು. ಹಾಗೆ ಗುರುತು ಹಾಕಿದ ಹಿರಿಯರೊಬ್ಬರು ನನ್ನೆದುರೇ ಮಾಸ್ಕನ್ನು ಗಲ್ಲಕ್ಕಿಳಿಸಿ, ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ತಿರುವಿದಾಗ ಆ ಅಂಕಿಯ ಮೇಲಿನ ನಂಬಿಕೆ ಹೋಯಿತು.

ಬಿಳಿ ಕೋಟಿನಲ್ಲಿ ನಿಂತರೆ ಕಂಡ ಕೂಡಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಆದ್ದರಿಂದ ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಸಾಮಾನ್ಯ ಉಡುಪಿನಲ್ಲಿ ಟೋಕನ್ ಹಿಡಿದು ರೋಗಿಗಳ ನಡುವೆಯೇ ಕುಳಿತೆ. ಯಾರಿಗೂ ಕಾಣದಂತೆ ಎಣಿಕೆ ಇಟ್ಟ ಬಗೆಯನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದು ಇನ್ನೂ ಉಪಯೋಗಕ್ಕೆ ಬರುತ್ತಿದೆ. ಕಾಯುವ ಬೆಂಚಿನಲ್ಲಿ ನೂರಕ್ಕೆ ಸುಮಾರು 70 ಮಂದಿ ಮೂಗು, ಬಾಯಿ ಎರಡನ್ನೂ ಮುಚ್ಚಿಕೊಂಡಿದ್ದರೆ, ನೋಂದಣಿ ಕೌಂಟರಿನ ಮುಂದೆ ಆ ಸಂಖ್ಯೆ 40ಕ್ಕೆ ಇಳಿಯುತ್ತಿತ್ತು. ಗಾಜಿನಾಚೆಯ ಗುಮಾಸ್ತರು ‘ಕೇಳಿಸಲಿಲ್ಲ, ಜೋರಾಗಿ ಹೇಳಿ’ ಎಂದಾಗಲೆಲ್ಲ ಮಾಸ್ಕ್ ಇಳಿಯುತ್ತಿತ್ತು. ಸೋಂಕು ತಡೆಯಲೆಂದು ನಾವೇ ಹಾಕಿಸಿದ ಗಾಜು ಅದು!

ಇದು ತಿಳಿಯುವಷ್ಟರಲ್ಲಿ ಅನುದಾನದ ಮುಕ್ಕಾಲು ಪಾಲು ಭಿತ್ತಿಪತ್ರಗಳಿಗೂ, 1 ಮೀಟರ್ ಅಂತರ ತೋರಿಸಲು ನೆಲಕ್ಕೆ ಅಂಟಿಸಿದ ಹಳದಿ ವೃತ್ತಗಳಿಗೂ ಸಂದಿತ್ತು; ಆ ವೃತ್ತಗಳು ದಿನಕ್ಕೆ ಮೂರು ಸಲ ನೆಲ ಒರೆಸುವ ಭರಕ್ಕೆ ಎರಡೇ ವಾರದಲ್ಲಿ ಕಿತ್ತು ಬಂದವು. ಕೌಂಟರಿಗೆ ಮೈಕ್ ಬೇಕೆಂದಾಗ ‘ಜನರಿಗೇ ಶಿಸ್ತಿಲ್ಲ, ಮೈಕ್ ಏನು ಮಾಡೀತು?’ ಎಂದು ಸಹೋದ್ಯೋಗಿಗಳು ನಕ್ಕರು, ಕಡತ ಎರಡು ಬಾರಿ ಹಿಂದಿರುಗಿತು. ಉಳಿದ ಹಣದಲ್ಲಿ ಒಂದೇ ಕೌಂಟರಿಗೆ ಹಾಕಿಸಿದೆ. ಮೊದಲ ವಾರವೆಲ್ಲ ಅದು ಕೀರಲು ಸದ್ದು ಮಾಡಿತು. ಸ್ಪೀಕರಿನ ಮುಖ ತಿರುಗಿಸಿದ ಮೇಲೆ ಸರಿಹೋಯಿತು. ತಿಂಗಳೊಳಗೆ ಅಲ್ಲಿ 40 ಇದ್ದದ್ದು 75ರ ಆಸುಪಾಸಿಗೆ ಏರಿತು, ಮೈಕಿಲ್ಲದ ಪಕ್ಕದ ಕೌಂಟರು ಇದ್ದಲ್ಲೇ ಇತ್ತು. ಖರ್ಚಾದದ್ದು ಭಿತ್ತಿಪತ್ರಗಳ ವೆಚ್ಚದ ಹತ್ತನೇ ಒಂದು ಪಾಲು ಮಾತ್ರ. ಆಮೇಲೆ ನಕ್ಕವರೇ ಬಂದು ಮೈಕಿನ ಅಳತೆ ಬರೆದುಕೊಂಡು ಹೋದರು.

ನಡುವೆ ಸ್ಯಾನಿಟೈಸರ್ ಬಾಟಲಿಗಳನ್ನು ಬೆಳಿಗ್ಗೆ, ಸಂಜೆ ತೂಗಿಯೂ ನೋಡಿದೆ. ಬಾಗಿಲ ಬಳಿಯದು ಬೇಗ ಬರಿದಾಗುತ್ತಿದ್ದುದನ್ನು ಕಂಡು ಹಿಗ್ಗಿದ್ದೆ. ಕೆಲವರು ಅದನ್ನು ಸಣ್ಣ ಸೀಸೆಗಳಿಗೆ ತುಂಬಿಕೊಳ್ಳುತ್ತಿದ್ದರೆಂದು ಕಾವಲುಗಾರ ಹೇಳಿದ ಮೇಲೆ ತಕ್ಕಡಿಯನ್ನು ಒಳಗಿಟ್ಟೆ. ಕೈಗಳನ್ನು 20ರಿಂದ 30 ಸೆಕೆಂಡು ಉಜ್ಜಬೇಕು. ನಾನು ಕಂಡವರಲ್ಲಿ ಹೆಚ್ಚಿನವರು ಐದಕ್ಕೇ ಮುಗಿಸುತ್ತಿದ್ದರು.

ಆಮೇಲೆ ಮೈಕ್ ಹಾಕಿಸಿದ ಔಷಧ ವಿತರಣೆಯ ಕಿಟಕಿಯಲ್ಲಿ ಮಾತ್ರ ಅದು ಸೋತಿತು. ಅಲ್ಲಿ ಚೀಟಿ ಓದಲು ಬಗ್ಗುವವರ ಕನ್ನಡಕ ಉಸಿರಿಗೆ ಮಂಜಾಗುವುದರಿಂದ ಮಾಸ್ಕ್ ಮೂಗಿನಿಂದ ಕೆಳಗೆ ಸರಿಯುತ್ತದೆ. ಈಗ ಸಾಲಿನಲ್ಲಿ ನಿಂತವರಿಗೆ ಮಾಸ್ಕಿನ ಮೇಲಂಚಿನ ತಂತಿಯನ್ನು ಮೂಗಿಗೆ ಒತ್ತಿಕೊಳ್ಳುವುದನ್ನು ತೋರಿಸಿಕೊಡುತ್ತಿದ್ದೇವೆ. ಎಣಿಕೆ ಇನ್ನೂ ನಡೆದಿದೆ.