ಎರಡನೇ ಸಲ ದುಬೈಗೆ ಹೊರಟವರಿಗೆ

ಕಾರವಾರ, ಭಟ್ಕಳ ಕಡೆಯಿಂದ ರಜೆಗೆ ಮತ್ತೆ ದುಬೈಗೆ ಹೊರಟವರು ಮೊದಲು ಹಳೇ ನೋಲ್ ಕಾರ್ಡ್ (ಅಲ್ಲಿನ ಮೆಟ್ರೋ, ಬಸ್ಸಿನ ಕಾರ್ಡ್) ಹುಡುಕಿ. ಸಿಲ್ವರ್ ಕಾರ್ಡಿಗೆ 5 ವರ್ಷ ಆಯುಷ್ಯ, ಅವಧಿ ಮುಗಿದಿರದಿದ್ದರೆ ಹೊಸದು ಬೇಡ, ರೀಚಾರ್ಜ್ ಮಾಡಿಸಿದರೆ ಆಯ್ತು. ಕೆಂಪು ಕಾಗದದ ಟಿಕೆಟ್ ಮಾತ್ರ 90 ದಿನಕ್ಕೇ ಮುಗಿಯುತ್ತದೆ, ಅದನ್ನು ಎಸೆಯಿರಿ.

ಗೋವೆಯಲ್ಲಿ ಈಗ ಎರಡು ವಿಮಾನ ನಿಲ್ದಾಣ, ಟಿಕೆಟಿನಲ್ಲಿ ಯಾವುದರ ಕೋಡ್ ಇದೆ ನೋಡಿ. ಜಿಒಐ ಅಂದರೆ ದಾಬೋಳಿ, ಜಿಒಎಕ್ಸ್ ಅಂದರೆ ಮೋಪಾ. ಮೋಪಾ 2023ರಲ್ಲಿ ಶುರುವಾದದ್ದು, ಗೋವೆಯ ಉತ್ತರದ ತುದಿಯಲ್ಲಿದೆ. ಹಿಂದೆ ದಾಬೋಳಿಗೆ ಹೋದ ಲೆಕ್ಕದಲ್ಲೇ ಮನೆ ಬಿಟ್ಟರೆ ವಿಮಾನ ತಪ್ಪುವುದು ಖಂಡಿತ.

ಚೀಲದ ವಿಷಯದಲ್ಲಿ ಕಳೆದ ಸಲ ಯಾರೂ ತಡೆಯಲಿಲ್ಲ ಅನ್ನುವ ಧೈರ್ಯ ದಯವಿಟ್ಟು ಬೇಡ. ಗಸಗಸೆ ಅಲ್ಲಿ ನಿಷಿದ್ಧ. ಮನೆಯ ಮಸಾಲೆ ಪುಡಿಗೆ ಒಂದು ಚಮಚ ಬಿದ್ದಿದ್ದರೂ ಆ ಡಬ್ಬಿ ಇಲ್ಲೇ ಇರಲಿ. ವೀಳ್ಯದೆಲೆಯೂ ಅಷ್ಟೇ, ಶಿರಸಿಯವರ ಕವಳದ ಸಂಚಿ ಮನೆಯಲ್ಲೇ ಇಟ್ಟು ಬನ್ನಿ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆಗೆ ಮೊದಲೇ ಅನುಮತಿ ಬೇಕು.

ಬುರ್ಜ್ ಖಲೀಫಾ ನೋಡಿಯಾಗಿದ್ದರೆ ಈ ಸಲ ದುಬೈನ ಹಳೇ ಊರಿಗೆ ಒಂದು ದಿನ ಪೂರ್ತಿ ಇಡಿ. ಏರ್‌ಪೋರ್ಟಿನಿಂದ ಮೆಟ್ರೋದ ಕೆಂಪು ಲೈನ್, ಯೂನಿಯನ್‌ನಲ್ಲಿ ಇಳಿದು ಹಸಿರು ಲೈನ್ ಹಿಡಿದು ಅಲ್ ಘುಬೈಬಾ. ಅಲ್ಲಿಂದ ಸ್ವಲ್ಪ ನಡೆದರೆ ಅಬ್ರಾ ಎಂಬ ದಾಟು ದೋಣಿಯ ಕಟ್ಟೆ. 1 ದಿರ್ಹಮ್ ಚಿಲ್ಲರೆ ಕೈಯಲ್ಲಿರಲಿ. ನಮ್ಮ ತಾರಿಯ ಹಾಗೇ, ಜನ ತುಂಬಿದೊಡನೆ ಹೊರಡುತ್ತದೆ. ಭಾನುವಾರ ಮೆಟ್ರೋ 8 ಗಂಟೆಗೇ ಶುರು, ಬೆಳಗಿನ ವಿಮಾನವಿದ್ದರೆ ಟ್ಯಾಕ್ಸಿಯೇ ಗತಿ.