ಇಥಿಯೋಪಿಕ್ ಲಿಪಿಯ ‘ಲೊ’ ಅಕ್ಷರವನ್ನು ಬೈಟ್‌ಗಳಾಗಿ ಬರೆಯುವ ಕ್ರಮ

ಅಮ್ಹಾರಿಕ್, ತಿಗ್ರಿನ್ಯಾ ಮೊದಲಾದ ಭಾಷೆಗಳನ್ನು ಬರೆಯುವ ಇಥಿಯೋಪಿಕ್ ಲಿಪಿಯು 1999ರಲ್ಲಿ, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಮಾನದಂಡವಾದ ಯುನಿಕೋಡ್‌ನ 3.0 ಆವೃತ್ತಿಯಲ್ಲಿ ಸೇರಿತು. ಕನ್ನಡದ ‘ಲೊ’ ಅಕ್ಷರವನ್ನು ‘ಲ’ ಮತ್ತು ಸ್ವರಚಿಹ್ನೆ ಎಂಬ ಎರಡು ಸಂಕೇತಗಳಿಂದ ಕಟ್ಟುತ್ತೇವೆ. ಅಲ್ಲಿಯಾದರೋ ಪ್ರತಿಯೊಂದು ಗುಣಿತಾಕ್ಷರಕ್ಕೂ ತನ್ನದೇ ಆದ ಒಂದೇ ಸಂಖ್ಯೆಯಿದೆ.

ಮೊದಲು ಆ ಸಂಖ್ಯೆಯನ್ನು ಕಂಡುಕೊಳ್ಳಬೇಕು. ‘ಲ’ ಸಾಲಿನ ಮೊದಲ ರೂಪದ ಸಂಖ್ಯೆ, ದಶಮಾನದಲ್ಲಿ, 4616. ‘ಲೊ’ ಏಳನೆಯ ರೂಪವಾದ್ದರಿಂದ ಆರನ್ನು ಕೂಡಿಸಿದರೆ 4622 ದೊರೆಯುತ್ತದೆ. ಈ ಸುಲಭ ಲೆಕ್ಕವನ್ನು ಎಲ್ಲೆಡೆಯೂ ನಂಬುವಂತಿಲ್ಲ: ತುಟಿ ದುಂಡಾಗಿಸಿ ಉಚ್ಚರಿಸುವ ಅಕ್ಷರಗಳ ಸಾಲುಗಳಲ್ಲಿ ನಡುವೆ ಖಾಲಿ ಸ್ಥಾನಗಳಿದ್ದು, ಉದಾಹರಣೆಗೆ 4681ರಲ್ಲಿ ಯಾವ ಅಕ್ಷರವೂ ಇಲ್ಲ. ಆದ್ದರಿಂದ ಯುನಿಕೋಡ್ ಕೋಷ್ಟಕವನ್ನು ನೋಡಿಯೇ ಮುಂದುವರಿಯುವುದು ಒಳ್ಳೆಯದು.

ಈ ಸಂಖ್ಯೆಯನ್ನು ಬೈಟ್‌ಗಳಾಗಿ, ಅಂದರೆ ಗಣಕವು ಸಂಗ್ರಹಿಸುವ 0ರಿಂದ 255ರವರೆಗಿನ ಸಂಖ್ಯೆಗಳಾಗಿ, ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇದಕ್ಕೆ ಮೂರು ಬೈಟ್‌ಗಳು ಬೇಕು. 4622ನ್ನು 4096ರಿಂದ ಭಾಗಿಸಿದಾಗ ಬರುವ ಭಾಗಲಬ್ಧ 1ಕ್ಕೆ 224ನ್ನು ಕೂಡಿಸಿ. ಉಳಿದ 526ನ್ನು 64ರಿಂದ ಭಾಗಿಸಿ, ಭಾಗಲಬ್ಧ 8ಕ್ಕೂ ಶೇಷ 14ಕ್ಕೂ ತಲಾ 128ನ್ನು ಕೂಡಿಸಿ. ಹೀಗೆ 225, 136, 142 ಎಂಬ ಬೈಟ್‌ಗಳು ಸಿದ್ಧವಾಗುತ್ತವೆ.

ಜಾಲಪುಟದಲ್ಲಿ ಇಷ್ಟು ಶ್ರಮ ಬೇಕಿಲ್ಲ; ሎ ಎಂದು ಬರೆದರೆ ಸಾಕು. ಅಕ್ಷರದ ಬದಲು ಖಾಲಿ ಚೌಕ ಕಂಡರೆ ಸಾಮಾನ್ಯವಾಗಿ ಕೊರತೆಯಿರುವುದು ಫಾಂಟ್‌ನದು, ಸಂಕೇತದ್ದಲ್ಲ. ನೋಟೋ ಸಾನ್ಸ್ ಇಥಿಯೋಪಿಕ್‌ನಂತಹ ಫಾಂಟನ್ನು ಅಳವಡಿಸಿಕೊಳ್ಳಿ. ಮೂರು ವಿಚಿತ್ರ ಚಿಹ್ನೆಗಳು ಕಂಡರೆ ಮಾತ್ರ, ಕಡತವನ್ನು ಯುಟಿಎಫ್-8 ಎಂದು ಘೋಷಿಸಲಾಗಿದೆಯೇ ಎಂದು ಪರೀಕ್ಷಿಸಬೇಕು.